ಹದಿನೇಳು ಮೆಟ್ಟಿಲಿನ ಮನೆ ಮಾರಾಟಕ್ಕಿದೆ

ಜಾಹೀರಾತು ಬರೆದವಳು ನಾನೇ. ಖಾಸಗಿ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳಿಗೆ ಪ್ರಬಂಧ ಬರೆಯಲು ಕಲಿಸಿದವಳು, ಸ್ವಂತ ಮನೆಯ ಬಗ್ಗೆ ನಾಲ್ಕು ಸಾಲು ಬರೆಯಲು ಬ್ರೋಕರನನ್ನು ಕೇಳಬೇಕೇ ಎಂಬ ಜಂಬ. ಮೊಬೈಲಿನಲ್ಲಿ ಹೀಗೆ ಕುಟ್ಟಿದೆ: ‘ಚನ್ನಪಟ್ಟಣದ ಹಳೇ ಪೇಟೆಯಲ್ಲಿ ಮಹಡಿ ಮನೆ ಮಾರಾಟಕ್ಕಿದೆ. ತೇಗದ ಕಂಬಗಳು, ಮದರಾಸು ತಾರಸಿ, ಬೀದಿಯ ಮೇಲಕ್ಕೆ ಚಾಚಿದ ಮರದ ಬಾಲ್ಕನಿ, ಅದಕ್ಕೆ ಅರಗಿನ ಬಣ್ಣ ಹಾಕಿ ಕಡೆದ ಕಂಬಿಗಳು, ಕಿಟಕಿಗಳಿಗೆ ಬಣ್ಣದ ಗಾಜು. ಗಾಳಿ ಬೆಳಕು ಧಾರಾಳ. ಇಂಥ ಮನೆಗಳನ್ನು ಈಗ ಯಾರೂ ಕಟ್ಟುವುದಿಲ್ಲ.’ ಬರೆದು ಮುಗಿಸಿ ಓದಿಕೊಂಡಾಗ ನನಗೇ ಆ ಮನೆ ಕೊಳ್ಳಬೇಕು ಅನ್ನಿಸಿತು.

ಮೆಟ್ಟಿಲಿನ ವಿಷಯ ಮಾತ್ರ ಬರೆಯಲಿಲ್ಲ. ಅವು ಹದಿನೇಳು. ಬೀದಿ ಬಾಗಿಲಿನಿಂದ ಎರಡು ಗೋಡೆಗಳ ನಡುವೆ ಹದಿನಾಲ್ಕು ಮೆಟ್ಟಿಲು ನೆಟ್ಟಗೆ ಹತ್ತಬೇಕು, ಅಲ್ಲೊಂದು ತಿರುವು, ಆಮೇಲೆ ಇನ್ನು ಮೂರು. ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತುವ ಹಾಗಿಲ್ಲ. ತಿರುವಿನಲ್ಲಿ ಮೆಟ್ಟಿಲು ಬೀಸಣಿಗೆಯ ಹಾಗೆ ಒಂದು ಕಡೆ ಅಗಲ, ಇನ್ನೊಂದು ಕಡೆ ಹೆಬ್ಬೆರಳು ಊರುವಷ್ಟೇ ಜಾಗ.

ಆ ಜಾಹೀರಾತಿನ ಕೊನೆಯಲ್ಲಿ ‘ಮಾರಾಟಕ್ಕೆ ಕಾರಣ’ ಅಂತ ಒಂದು ಖಾನೆ ಇತ್ತು. ಅದನ್ನೂ ಖಾಲಿ ಬಿಟ್ಟೆ. ಕಾರಣ ಬಾಲ್ಕನಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬೀದಿ ನೋಡುತ್ತ ಕೂತಿತ್ತು. ನನ್ನ ಗಂಡ ಕೆಳಗಿಳಿದು ಎರಡು ವರ್ಷ ನಾಲ್ಕು ತಿಂಗಳಾಗಿತ್ತು.

ಈ ಮನೆಗೆ ಹಟ ಮಾಡಿದವಳು ನಾನು. ನನ್ನ ತವರು ಮರಳವಾಡಿಯ ಹತ್ತಿರದ ಹಳ್ಳಿ. ತಲೆ ಬಗ್ಗಿಸಿ ಒಳಗೆ ಹೋಗುವ ಹೆಂಚಿನ ಮನೆ, ಅರ್ಧ ನಮಗೆ, ಅರ್ಧ ದನಗಳಿಗೆ. ಚಿಕ್ಕವಳಿದ್ದಾಗಿನಿಂದ ನನಗೆ ಮಹಡಿಯ ಹುಚ್ಚು. ಮೇಲೆ ನಿಂತು ಕೆಳಗೆ ಹೋಗುವವರ ನೆತ್ತಿ ನೋಡಬೇಕು ಅನ್ನುವ ಆಸೆ ಯಾಕೆ ಹುಟ್ಟಿತೋ, ಆ ಹಳ್ಳಿಯಲ್ಲಿ ಮಹಡಿಯೇ ಇರಲಿಲ್ಲ. ಹದಿನೆಂಟು ವರ್ಷದ ಹಿಂದೆ ಈ ಮನೆ ಮಾರಾಟಕ್ಕೆ ಬಂದಾಗ ನೋಡಲು ಬಂದೆವು. ಬೆಲ್ಲ, ಹುಣಸೆಹಣ್ಣಿನ ದೊಡ್ಡ ವ್ಯಾಪಾರಿಯೊಬ್ಬರು ಕಟ್ಟಿಸಿದ್ದ ಕಟ್ಟಡ. ಮೊಮ್ಮಕ್ಕಳು ಕೆಳಗಿನ ಅಂಗಡಿಯನ್ನು ತಮಗಿಟ್ಟುಕೊಂಡು ಮೇಲಿನದನ್ನು ಮಾರುತ್ತಿದ್ದರು. ಸಂಜೆ ನಾಲ್ಕರ ಬಿಸಿಲು ಬಣ್ಣದ ಗಾಜಿನಿಂದ ನೆಲಕ್ಕೆ ಬಿದ್ದಿತ್ತು. ನಾನು ಚಪ್ಪಲಿ ಬಿಟ್ಟು ಆ ಬಣ್ಣದ ಮೇಲೆ ನಿಂತುಕೊಂಡೆ. ಆಮೇಲೆ ನನಗೆ ಯಾರ ಮಾತೂ ಕಿವಿಗೆ ಬೀಳಲಿಲ್ಲ.

ನನ್ನವರು ಮಾತ್ರ ಮೆಟ್ಟಿಲನ್ನೇ ನೋಡುತ್ತಿದ್ದರು. ಅವರದು ಮಾಗಡಿ ಕಡೆ, ಕೆಂಪಾಪುರದ ಪಕ್ಕದ ಊರು. ಬಿಡದಿಯ ಕಾರ್ಖಾನೆಯಲ್ಲಿ ಕೆಲಸ. ಹೈವೇ ಹತ್ತಿರದ ಹೊಸ ಬಡಾವಣೆಯಲ್ಲಿ ಎರಡು ಕೋಣೆಯ ಮನೆಯೊಂದನ್ನು ನೋಡಿಟ್ಟಿದ್ದರು. ಸಿಮೆಂಟಿನ ಡಬ್ಬಿಯಂಥ ಮನೆ, ಹಿಂದೆ ಒಸಿ ಜಾಗ.

“ಒಂದು ಸೀಬೆ ಗಿಡ ಹಾಕ್ಬೋದು ಕಣೆ,” ಅಂದರು. “ಮಣ್ಣೇ ಇಲ್ದಿರೋದು ಅದೆಂಥ ಮನೆ?”

“ಮಣ್ಣಲ್ಲೇ ಹುಟ್ಟಿ ಬೆಳೆದಿದೀವಲ್ಲ, ಸಾಕಾಗಿಲ್ವಾ ನಿಮಗೆ?” ಅಂದೆ ನಾನು. ನನ್ನ ಕೋಪ ಅವರಿಗೆ ಗೊತ್ತಿತ್ತು. ಒಪ್ಪಿಕೊಂಡರು. ಅವರು ಬದುಕಿಡೀ ನನಗೆ ಒಪ್ಪಿಕೊಂಡೇ ಬಂದವರು, ಒಂದೇ ಒಂದು ವಿಷಯ ಬಿಟ್ಟು. ಆ ಒಂದರ ಕಥೆಯೇ ಇದು.

ಬಾಲ್ಕನಿಯ ಮೇಲೆ, ಸೂರಿನ ಕೆಳಗಿನಿಂದ ಬೀದಿಯ ಕಡೆಗೆ ಒಂದು ದಪ್ಪ ತೊಲೆ ಚಾಚಿಕೊಂಡಿತ್ತು. ತುದಿಯಲ್ಲಿ ಕಬ್ಬಿಣದ ಕೊಕ್ಕೆ. ಅದಕ್ಕೆ ರಾಟೆ ಸಿಕ್ಕಿಸಿ, ಹಗ್ಗ ಹಾಕಿ, ಹಿಂದಿನ ಕಾಲದಲ್ಲಿ ಬೆಲ್ಲ ಹುಣಸೆಯ ಮೂಟೆಗಳನ್ನು ಬೀದಿಯಿಂದ ನೇರ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರಂತೆ. ಅದಕ್ಕಾಗಿಯೇ ಬಾಲ್ಕನಿಯ ಕಂಬಿಗಳ ಸಾಲಿನಲ್ಲಿ ನಡುವಿನ ಒಂದು ತುಂಡು ಬಾಗಿಲಿನ ಹಾಗೆ ತೆರೆದುಕೊಳ್ಳುತ್ತಿತ್ತು. ನನಗೆ ಅದೊಂದು ಸೋಜಿಗ. ಕೊಕ್ಕೆಗೆ ಮನಿಪ್ಲಾಂಟಿನ ಕುಂಡ ನೇತುಹಾಕಿದೆ. ಬಳ್ಳಿ ಬೀದಿಗೆ ಇಳಿಬಿದ್ದು ಚೆನ್ನಾಗಿ ಕಾಣುತ್ತಿತ್ತು. ಹಾದುಹೋಗುವವರು ತಲೆಯೆತ್ತಿ ನೋಡಿ, ಒಂದು ಥರ ಮುಖ ಮಾಡಿಕೊಂಡು ಹೋಗುತ್ತಿದ್ದರು. ಹೊಟ್ಟೆಕಿಚ್ಚು ಅಂದುಕೊಂಡಿದ್ದೆ.

ಆ ಮುಖಕ್ಕೆ ಕಾರಣ ಹೇಳಿದವನು ನಮ್ಮ ಬೀದಿಯ ಮುದಿ ಹಮಾಲಿ. ಈ ತಿರುವಿನಲ್ಲಿ ಚಟ್ಟ ತಿರುಗುವುದಿಲ್ಲ. ಹೆಣವನ್ನು ನೆಟ್ಟಗೆ ನಿಲ್ಲಿಸಬಾರದು, ಮಡಿಸಲೂಬಾರದು ಅನ್ನುತ್ತಾರೆ. ಹಾಗಾಗಿ ಈ ಮಹಡಿಯಲ್ಲಿ ಸತ್ತವರನ್ನೆಲ್ಲ, ವ್ಯಾಪಾರಿಯ ಹೆಂಡತಿಯನ್ನು, ಆಮೇಲೆ ವ್ಯಾಪಾರಿಯನ್ನು, ಕೊನೆಗೆ ಅವರ ವಿಧವೆ ಅಕ್ಕನನ್ನು, ಚಾಪೆಯಲ್ಲಿ ಸುತ್ತಿ ಆ ಕೊಕ್ಕೆಯಿಂದಲೇ ಬೀದಿಗೆ ಇಳಿಸಿದ್ದರು. ಕೊನೆಯ ಸಲ ಹಗ್ಗ ಬಿಟ್ಟವನು ಇವನೇ. ನಾನು ಅವತ್ತೇ ಹೋಗಿ ಕುಂಡ ಇಳಿಸಿದೆ. ನನ್ನವರು ಅದೇ ಮೊದಲ ಸಲ ಈ ಮನೆಯ ವಿಷಯದಲ್ಲಿ ನಕ್ಕಿದ್ದು.

ಐವತ್ತೊಂದನೇ ವಯಸ್ಸಿಗೆ ಬಿಡದಿಯಿಂದ ಬರುವ ಸಂಜೆಯ ಪ್ಯಾಸೆಂಜರ್ ರೈಲಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಭಾಗ ಹೋಯಿತು, ಮಾತು ಅರ್ಧ ಹೋಯಿತು. ಆಸ್ಪತ್ರೆಯಿಂದ ಬಂದ ದಿನ ಜೊತೆ ಕೆಲಸದವರು ನಾಲ್ಕು ಜನ ಸೇರಿ, ಅವರಲ್ಲೊಬ್ಬ ಹುಡುಗನ ಬೆನ್ನಿಗೆ ಬೆಡ್‌ಶೀಟಿನಲ್ಲಿ ಕಟ್ಟಿ, ಹೇಗೋ ಮೇಲಕ್ಕೆ ತಂದು ಮಂಚದ ಮೇಲೆ ಮಲಗಿಸಿದರು. ಹತ್ತಿಸುವುದು ಆಯಿತು, ಇಳಿಸುವುದು ಆಗಲಿಲ್ಲ. ಮೂರು ತಿಂಗಳಾದ ಮೇಲೆ ತೋರಿಸಲು ಕರೆದುಕೊಂಡು ಹೋಗುವಾಗ ಅದೇ ಹುಡುಗ ಅದೇ ರೀತಿ ಹೊತ್ತುಕೊಂಡು ಇಳಿಯುತ್ತ ತಿರುವಿನಲ್ಲಿ ಜಾರಿದ. ಇಬ್ಬರೂ ಅಲ್ಲೇ ಗೋಡೆಗೆ ಬಡಿದು ಬಿದ್ದರು. ಹುಡುಗನ ಮಂಡಿ ಚಿಪ್ಪು ಒಡೆಯಿತು. ಇವರ ಎಡಗೈ, ಆ ಸರಿಯಿದ್ದ ಒಂದೇ ಕೈ, ಮುರಿಯಿತು. ಉಳಿದವರು ಇವರನ್ನು ಮತ್ತೆ ಮೇಲಕ್ಕೇ ಎಳೆದುಕೊಂಡರು, ಕೈಗೆ ಕಟ್ಟು ಮನೆಯಲ್ಲೇ ಹಾಕಿಸಿದೆ. ಆಮೇಲೆ ಯಾರೂ ಮುಂದೆ ಬರಲಿಲ್ಲ. ಬಾ ಅಂತ ಕೇಳುವ ಮುಖ ನನಗೂ ಇರಲಿಲ್ಲ. ಆಂಬುಲೆನ್ಸಿನವರು ಒಮ್ಮೆ ಬಂದು ಮೆಟ್ಟಿಲನ್ನು ಕಣ್ಣಲ್ಲೇ ಅಳೆದು, ಸ್ಟ್ರೆಚರ್ ತಿರುಗಲ್ಲ ಮೇಡಂ ಅಂತ ಹೇಳಿ ಹೋದರು. ಕ್ರೇನು ತರಿಸಿ ಅಂದವರೂ ಇದ್ದರು. ನಮ್ಮ ಬೀದಿಗೆ ಆಟೋ ಬರುವುದೇ ಹೆಚ್ಚು, ಮೇಲೆ ನೋಡಿದರೆ ಕರೆಂಟಿನ ತಂತಿ.

ನಮಗೆ ಮಕ್ಕಳಿಲ್ಲ. ಬೆಳಿಗ್ಗೆ ಅವರಿಗೆ ಸ್ನಾನ ಮಾಡಿಸಿ, ತಿನ್ನಿಸಿ, ಕುರ್ಚಿಗೆ ಕೂರಿಸಿ, ಶಾಲೆಗೆ ಓಡಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮತ್ತೆ ಓಡಿ ಬರುತ್ತಿದ್ದೆ. ಬಂದಾಗ ಅವರು, ನಾನು ಹೊರಡುವಾಗ ಹೇಗಿದ್ದರೋ ಹಾಗೇ ಕೂತಿರುತ್ತಿದ್ದರು. ಎದುರಿಗೇ ಟೀ ಅಂಗಡಿ. ಅವರ ಗೆಳೆಯರು ಅಲ್ಲಿ ಬೆಂಚಿನ ಮೇಲೆ ಕೂತು ಮೇಲೆ ನೋಡಿ ಕೈಯೆತ್ತುತ್ತಿದ್ದರು. ಮೊದಮೊದಲು ಹತ್ತಿ ಬರುತ್ತಿದ್ದರು, ಆಮೇಲೆ ಕೈ ಮಾತ್ರ ಎತ್ತಿದರು, ಆಮೇಲೆ ಆ ಬೆಂಚನ್ನೇ ಬದಲಾಯಿಸಿ ಒಳಗೆ ಕೂರತೊಡಗಿದರು. ನನ್ನವರು ಕೇಳುತ್ತಿದ್ದದ್ದು ಒಂದೇ.

“ನೆಲ... ಮೆಟ್ಬೇಕು... ಕಣೆ.”

ಮೂರು ಪದ ಹೇಳಲು ಅವರಿಗೆ ಎಷ್ಟು ಹೊತ್ತು ಬೇಕು ಅಂದರೆ, ಮೊದಲನೆಯದು ಬಂದ ಮೇಲೆ ನಾನು ಒಲೆಯ ಹತ್ತಿರ ಹೋಗಿ ಸಾರು ತಿರುವಿ ಬರಬಹುದಿತ್ತು. ಕಾಯಬೇಕು, ನಡುವೆ ಬಾಯಿ ಹಾಕಬಾರದು ಅಂತ ಡಾಕ್ಟರು ಹೇಳಿದ್ದರು. ನಾನು ಕಾಯುವವಳಲ್ಲ. ತರಗತಿಯಲ್ಲೂ ಮಗು ತಡವರಿಸಿದರೆ ಉತ್ತರ ನಾನೇ ಹೇಳಿಬಿಡುತ್ತಿದ್ದೆ.

ನೆಲದ ಮೇಲೆ ಒಂದು ಬಾಡಿಗೆ ಮನೆ ಹಿಡಿಯಬಾರದೇ ಅಂತ ಕೇಳುವವರಿಗೆ ಹೇಳುತ್ತೇನೆ, ಆರು ಮನೆ ಕೇಳಿದೆ. ಎಲ್ಲರೂ ಮೊದಲು ಒಪ್ಪಿಕೊಂಡರು, ಹಾಸಿಗೆ ಹಿಡಿದವರಿದ್ದಾರೆ ಅಂದ ಕೂಡಲೇ ಹಿಂದೆ ಸರಿದರು. ಕೆಟ್ಟ ನಕ್ಷತ್ರದಲ್ಲಿ ಪ್ರಾಣ ಹೋದರೆ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಖಾಲಿ ಬಿಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಒಬ್ಬಾಕೆ ಅದನ್ನು ಬಾಯಿಬಿಟ್ಟೇ ಹೇಳಿದಳು. “ತಪ್ಪು ತಿಳ್ಕೋಬೇಡಿ ಟೀಚರಮ್ಮ, ನಿಮ್ ಯಜಮಾನ್ರು ನೂರು ವರ್ಷ ಇರ್ಲಿ, ಆದ್ರೆ ನಮ್ ಮನೇಲಿ ಬ್ಯಾಡ.” ಬಾಡಿಗೆ ಸಿಗದವರಿಗೆ ಸ್ವಂತ ಮನೆಯೇ ಗತಿ. ಈ ಮಹಡಿ ಮಾರಿದರೆ ಆ ಸಿಮೆಂಟಿನ ಡಬ್ಬಿಗಳಲ್ಲಿ ಒಂದು ಬರುತ್ತಿತ್ತು.

ಹಮಾಲಿಗೆ ಇದೆಲ್ಲ ಗೊತ್ತಿತ್ತು. ಒಂದು ದಿನ ಅವನೇ ಮೇಲೆ ಬಂದು, ಇವರ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಹೇಳಿದ. “ಅಣ್ಣಾ, ಹಗ್ಗ ನಂದೇ ಐತೆ, ರಾಟೆ ಐತೆ. ಕುರ್ಚಿ ಸಮೇತ ಕಟ್ಟಿ ಹೂವಿನಂಗೆ ಇಳಿಸ್ಬುಡ್ತೀನಿ. ಎರಡು ಮೂಟೆ ತೂಕನೂ ಇಲ್ಲ ನೀವು.”

ನನ್ನವರು ಎಡಗೈ ಎತ್ತಿ ಬೇಡ ಅಂದರು. ಅವನು ಹೋದ ಮೇಲೆ, ಬಹಳ ಹೊತ್ತು ತೆಗೆದುಕೊಂಡು, ಪೂರ್ತಿ ವಾಕ್ಯ ಹೇಳಿದರು. “ಆ ದಾರೀಲಿ ಇಳ್ದೋರು... ಯಾರೂ... ಮತ್ತೆ ಹತ್ತಿ ಬಂದಿಲ್ಲ.”

“ಹತ್ತಿ ಬರೋದು ಯಾಕ್ರೀ ಬೇಕು? ಇಳಿದ್ರೆ ಸಾಕಲ್ಲ,” ಅಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ನಾನು ಹೇಳಿದ್ದು ಏನು ಅಂತ ನನಗೇ ಅರ್ಥವಾಗಿ ಒಳಗೆ ಹೋದೆ. ಮತ್ತೆ ಎರಡು ಸಲ ಕೇಳಿದೆ. ಇಡೀ ಬೀದಿ ನೋಡುತ್ತಿರುವಾಗ ಜೀವ ಇರುವವನು ಹೆಣದ ಹಾಗೆ ಇಳಿಯುವುದಿಲ್ಲ ಅನ್ನುವುದು ಅವರ ಮಾತು. ನಾನು ಕೂಗಾಡಿದೆ, ಪಾತ್ರೆ ಎಸೆದೆ, ಮಾತು ಬಿಟ್ಟೆ. ಅವರು ಒಪ್ಪಲಿಲ್ಲ. ನನಗೆ ಒಪ್ಪದೆ ನಿಂತದ್ದು ಅದೊಂದೇ ವಿಷಯಕ್ಕೆ.

ಹೀಗಾಗಿ ಜಾಹೀರಾತು.

ಮೊದಲು ಬಂದವರು ಬೆಂಗಳೂರಿನ ಗಂಡಹೆಂಡತಿ. ಶನಿವಾರ ಭಾನುವಾರ ಬಂದುಳಿಯುವವರಿಗೆ ಬಾಡಿಗೆ ಕೊಡಲು ಹಳೇ ಮನೆ ಹುಡುಕುತ್ತಿದ್ದರು. ಆಕೆ ಬಣ್ಣದ ಬಿಸಿಲಿನಲ್ಲಿ, ಸರಿಯಾಗಿ ನಾನು ಹದಿನೆಂಟು ವರ್ಷದ ಹಿಂದೆ ನಿಂತಿದ್ದ ಜಾಗದಲ್ಲಿ ನಿಂತು, ಗಂಡನ ತೋಳು ಹಿಡಿದು, “ಇದೇ ಬೇಕು” ಅಂದಳು. ನನಗೆ ಆಕೆಯನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಸುಮ್ಮನೆ ನಕ್ಕೆ, ಮಾರುವವಳು ನಗಬೇಕು. ಆಮೇಲೆ ಅವರು ಬಾಲ್ಕನಿಗೆ ಬಂದರು, ಇವರನ್ನು ನೋಡಿದರು, ದನಿ ತಗ್ಗಿಸಿಕೊಂಡರು. ಎರಡು ದಿನ ಬಿಟ್ಟು ಮೊಬೈಲಿಗೆ ಸಂದೇಶ ಬಂತು. ಮನೆ ಬೇಡ, ಆ ಬಣ್ಣದ ಕಂಬಿಗಳನ್ನು ಮಾತ್ರ ಬಿಚ್ಚಿ ಕೊಡುವಿರಾ ಅಂತ. ‘ಅದರ ಹಿಂದೆ ಕೂತಿರುವವರನ್ನೂ ಸೇರಿಸಿ ಕೊಡುತ್ತೇನೆ, ಸಾಗಿಸಿಕೊಂಡು ಹೋಗುತ್ತೀರಾ?’ ಅಂತ ಬರೆದೆ. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ.

ಎರಡನೆಯವರು ಕನಕಪುರದಿಂದ ಬಂದ ರೇಷ್ಮೆ ನೂಲಿನ ವ್ಯಾಪಾರಿ. ಜೊತೆಗೆ ಅವರ ಅತ್ತೆ. ಅತ್ತೆಯ ತವರು ಚನ್ನಪಟ್ಟಣವೇ ಅಂತ ನನಗೆ ಗೊತ್ತಿರಲಿಲ್ಲ. ವ್ಯಾಪಾರಿ ಗೋಡೆ ತಟ್ಟಿ ನೋಡಿದರು, ದಿಕ್ಕು ನೋಡಿದರು, ಎಲ್ಲ ಸರಿಯಿದೆ ಅಂದರು. ನಾನು ಕಾಫಿ ಲೋಟ ತಟ್ಟೆಯಲ್ಲಿಟ್ಟುಕೊಂಡು ಬರುತ್ತಿದ್ದೆ. ಅಷ್ಟರಲ್ಲಿ ಅತ್ತೆ ಬಾಲ್ಕನಿಗೆ ಹೋಗಿ ತಲೆಯೆತ್ತಿದರು.

“ಅಯ್ಯೋ, ಇದು ಹೆಣ ಇಳ್ಸೋ ಮನೆಯಲ್ವಾ?” ಅಂದರು. ಕುರ್ಚಿಯಲ್ಲಿ ಕೂತಿದ್ದವರನ್ನು ಆಮೇಲೆ ನೋಡಿದರು. ನೋಡಿ ಸೆರಗು ಬಾಯಿಗಿಟ್ಟುಕೊಂಡರು.

ಕಾಫಿ ಯಾರೂ ಮುಟ್ಟಲಿಲ್ಲ. ಅವರು ಇಳಿದುಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಮೂರು ಲೋಟವನ್ನೂ ಬಚ್ಚಲಿಗೆ ಸುರಿದು, ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಸದ್ದು ಹೊರಗೆ ಕೇಳದಿರಲಿ ಅಂತ ನಲ್ಲಿ ತಿರುಗಿಸಿದ್ದೆ. ನನ್ನವರಿಗೆ ಕೇಳಿಸಿತ್ತು ಅಂತ ಆಮೇಲೆ ಗೊತ್ತಾಯಿತು.

ಆ ವಾರವಿಡೀ ನನ್ನ ಸಿಟ್ಟೆಲ್ಲ ಆ ತೊಲೆಯ ಮೇಲೆ. ಬೆಳಿಗ್ಗೆ ಎದ್ದರೆ ಅದೇ ಕಾಣುತ್ತಿತ್ತು. ಒಬ್ಬ ಮನುಷ್ಯನನ್ನು ನೆಲ ಮುಟ್ಟಿಸುವುದಕ್ಕೆ ನಾನು ಒದ್ದಾಡುತ್ತಿದ್ದರೆ ಒಂದು ಮರದ ತುಂಡು, ಒಂದು ತುಕ್ಕು ಹಿಡಿದ ಕೊಕ್ಕೆ ಅಡ್ಡ ನಿಂತಿತ್ತು. ಅದಿಲ್ಲದಿದ್ದರೆ ಯಾರಿಗೆ ಏನು ನೆನಪಾಗುತ್ತದೆ? ಶುಕ್ರವಾರ ಒಂದು ಫೋನು ಬಂತು. ರಾಮನಗರದ ನಿವೃತ್ತ ಬ್ಯಾಂಕ್ ನೌಕರರು, ಮಗಳು ಚಿತ್ರಕಲೆ ಶಾಲೆ ಮಾಡಲು ಜಾಗ ನೋಡುತ್ತಿದ್ದಾಳೆ, ಭಾನುವಾರ ಬರುತ್ತೇವೆ ಅಂದರು. ನಾನು ಫೋನಿಟ್ಟವಳೇ ಬಡಗಿಗೆ ಹೇಳಿ ಕಳಿಸಿದೆ.

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬರುವಷ್ಟರಲ್ಲಿ ಬಡಗಿ ಏಣಿ ಹಾಕಿಕೊಂಡು ಕಾಯುತ್ತಿದ್ದ. ಕೂಲಿಯ ಬದಲು ಮರ ಅವನೇ ಒಯ್ಯಲಿ ಅಂತ ಮಾತಾಯಿತು. ಹಳೇ ತೇಗ, ಅವನಿಗೆ ಖುಷಿಯೇ. “ಗೋಡೆ ಒಳಗಿರೋದನ್ನೂ ಕೀಳ್ಲಾ ಟೀಚರಮ್ಮ, ಆಚೆಗಿರೋದು ಮಾತ್ರ ಕುಯ್ಲಾ?” ಅಂತ ಕೇಳಿದ. ಒಳಗಿನದನ್ನೂ ಕಿತ್ತು, ಕಿಂಡಿ ಮುಚ್ಚಿ, ಸುಣ್ಣ ಬಳಿ, ಗುರುತೇ ಇರಬಾರದು ಅಂದೆ. ಕಂಬಿಯ ಬಾಗಿಲಿಗೂ ಮೊಳೆ ಹೊಡೆಸಿದೆ.

ಅವನು ವಿದ್ಯುತ್ ಗರಗಸ ಹಚ್ಚಿದ. ನನ್ನವರು ಕುರ್ಚಿಯಲ್ಲೇ ಇದ್ದರು. ಅವರನ್ನು ಒಳಗೆ ಎಳೆದು ಕೂರಿಸಲು ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ಬಡಗಿಯನ್ನು ಕಾಯಿಸಲು ನನಗೆ ಮನಸ್ಸಿರಲಿಲ್ಲ. ಗರಗಸ ಒರಲುತ್ತಿದ್ದಾಗ ಅವರು ಎಡಗೈಯೆತ್ತಿ ಬೀಸತೊಡಗಿದರು. ಬಾಯಿ ತೆರೆದಿತ್ತು. ಏನೋ ಹೇಳಲು ಶುರು ಮಾಡಿದ್ದರು, ಮೊದಲ ಪದ ಇನ್ನೂ ಬಂದಿರಲಿಲ್ಲ.

“ಧೂಳು ಅಲ್ವಾ? ಗೊತ್ತಾಯ್ತು, ಸುಮ್ನಿರಿ,” ಅಂದೆ.

ಅವರು ತಲೆ ಅಲ್ಲಾಡಿಸಿದರು. ಮತ್ತೆ ಕೈ ಬೀಸಿದರು. ಮರದ ಹೊಟ್ಟು ಅವರ ತಲೆಯ ಮೇಲೆ, ಹುಬ್ಬಿನ ಮೇಲೆ ಉದುರುತ್ತಿತ್ತು. ನಾನು ಹಗ್ಗದ ಮೇಲೆ ಒಣಗುತ್ತಿದ್ದ ಟವಲ್ ತೆಗೆದು ಅವರ ಮುಖಕ್ಕೆ ಹೊದಿಸಿದೆ. ಅವರು ಅದನ್ನು ಎಳೆಯಲು ನೋಡಿದರು, ಆ ಕೈಯಲ್ಲಿ ಬಲ ಎಲ್ಲಿತ್ತು. ನಾನು ಟವಲಿನ ಎರಡೂ ತುದಿಯನ್ನು ಕುರ್ಚಿಯ ಹಿಂದಕ್ಕೆ ಸಿಕ್ಕಿಸಿ, ಕೆಳಗೆ ಬೀಳುವ ಮರ ಯಾರ ತಲೆಗೂ ಬಡಿಯದಿರಲಿ ಅಂತ ಬೀದಿಗೆ ಓಡಿದೆ.

ತೊಲೆ ಬಿತ್ತು. ನನಗೆ ಹೊಟ್ಟೆ ತಣ್ಣಗಾಯಿತು. ಮೇಲೆ ಬಂದು ಟವಲ್ ತೆಗೆದಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು.  ಏನು ಹೇಳಲು ಹೊರಟಿದ್ದರು ಅಂತ ನಾನು ಕೇಳಲಿಲ್ಲ.

ಭಾನುವಾರ ತಂದೆ ಮಗಳು ಬಂದರು. ಮೆಟ್ಟಿಲು ಹತ್ತಿ ಬಂದರೂ ತಂದೆಗೆ ಏದುಸಿರಿಲ್ಲ. ಮಗಳು ಬೆಳಕು ಎಲ್ಲಿಂದ ಬರುತ್ತದೆ ಅಂತ ನೋಡಿದಳು, ಬಾಲ್ಕನಿಯಲ್ಲಿ ನಿಂತು ತಲೆಯೆತ್ತಿದಳು.  ಅಲ್ಲಿ ಬಿಳೀ ಸುಣ್ಣ ಬಿಟ್ಟು ಏನೂ ಇರಲಿಲ್ಲ. ಇವರನ್ನು ಕಂಡು ಆಕೆ ದನಿ ತಗ್ಗಿಸಲಿಲ್ಲ, ಊಟ ಆಯ್ತಾ ಅಂಕಲ್ ಅಂತ ಕೇಳಿದಳು. ತಂದೆ ಇವರ ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು. “ಯಜಮಾನ್ರೇ, ನಿಮ್ಮ ಒಪ್ಪಿಗೆ ಇದ್ರೆ ಬರೋ ಶುಕ್ರವಾರ ಬಂದು ಅಗ್ರಿಮೆಂಟ್ ಮಾಡ್ಕೋತೀವಿ. ಒಂದು ತಿಂಗಳಲ್ಲಿ ಬಿಟ್ಟುಕೊಡಬೇಕು ಅಷ್ಟೇ.” ಇವರು ತಲೆಯಾಡಿಸಿದರು. ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು, ಬೀಳಲಿಲ್ಲ, ಸಕ್ಕರೆ ಹೆಚ್ಚಾಗಿ ಹಾಕಿ ಕಾಫಿ ಕೊಟ್ಟೆ. ಅವರು ಪೂರ್ತಿ ಕುಡಿದರು.

ಅವರನ್ನು ಕಳಿಸಿ ಬಂದು ಕುರ್ಚಿಯ ಪಕ್ಕದಲ್ಲಿ ನೆಲಕ್ಕೇ ಕೂತೆ. ಸೀಬೆ ಗಿಡ ಹಾಕೋಣ ಅಂದೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಮಣ್ಣು, ಸಾಕಾ ಅಂದೆ. ಅವರು ಬಾಯಿ ತೆರೆದರು. ಈ ಸಲ ಕಾದೆ. ಹೊತ್ತು ಬಹಳ ಹಿಡಿಯಿತು.

“ಹೆಂಗೆ... ಇಳಿಸ್ತೀಯ?”

“ಯಾರನ್ನಾದ್ರೂ ಹಿಡಿಯೋಣ. ಮನೆಯೇ ಮಾರಿದ ಮೇಲೆ ಇಳಿಸೋದು ಕಷ್ಟನಾ?”

ಅವರು ಮೇಲೆ ನೋಡಿದರು, ಸುಣ್ಣದ ಕಡೆ. “ಶನಿವಾರ... ಯೋಳ್ದೆ. ಕುಯ್ಬ್ಯಾಡ... ಅಂದೆ.” ಉಸಿರು ತೆಗೆದುಕೊಂಡರು. “ರಾಟೇಲೇ... ಇಳೀತೀನಿ... ಅಂದೆ. ನೀನು ಅಳ್ತಿದ್ದೆ... ಕೇಳಿಸ್ತು. ನಾನಿಲ್ಲಿ ಕುಂತಿರೋದ್ಕೇ... ಯಾರೂ ತಕತಿಲ್ಲ... ಅದ್ಕೆ.” ಮತ್ತೆ ಬಹಳ ಹೊತ್ತು. “ನೀನು... ಟವಲ್ ಹಾಕ್ಬುಟ್ಟೆ.”

ಅವರಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ನಾನು ಚಪ್ಪಲಿಯಿಲ್ಲದೆ ಬಡಗಿಯ ಶೆಡ್ಡಿಗೆ ಓಡಿದೆ. ತೊಲೆ ಆಗಲೇ ಹಲಗೆಯಾಗಿತ್ತು. ಹೊಸದೊಂದು ಹಾಕು ಅಂದೆ. ಅವನು ಬಂದು ನೋಡಿ ತಲೆ ಕೆರೆದುಕೊಂಡ. “ಅದು ಗೋಡೆ ದಾಟಿ ತಾರಸಿ ಅಡೀಲಿ ಹತ್ತಡಿ ಕುಂತಿತ್ತು ಕಣಕ್ಕ, ಅದ್ಕೇ ಅಷ್ಟು ತೂಕ ತಡೀತಿತ್ತು. ಈಗ ಸೇರಿಸ್ಬೇಕು ಅಂದ್ರೆ ತಾರಸಿ ಒಡೀಬೇಕು. ಕೊಂಡ್ಕೊಳೋರು ಸುಮ್ಕಿರ್ತಾರಾ? ಸುಮ್ನೆ ಮೊಳೆ ಹೊಡ್ದು ನಿಲ್ಲಿಸ್ಬೋದು, ಆದ್ರೆ ಜೀವ ಇರೋರನ್ನ ನೇತಾಕಕ್ಕೆ ನಾನು ಜವಾಬ್ದಾರಿ ತಕಳಲ್ಲ.” ಹಮಾಲಿಯನ್ನೂ ಕರೆದೆ. ಅವನು ಹೆಗಲ ಮೇಲೆ ಹಗ್ಗದ ಸುರುಳಿ ಹಾಕಿಕೊಂಡೇ ಬಂದಿದ್ದ. ಅಣ್ಣ ಒಪ್ಪಿಕೊಂಡರು ಅಂತ ಮಾತ್ರ ಹೇಳಿ ಕಳಿಸಿದ್ದೆ, ಶನಿವಾರ ಅವನು ಊರಲ್ಲಿರಲಿಲ್ಲ, ತೊಲೆ ತೆಗೆಸಿದ್ದು ಗೊತ್ತಿರಲಿಲ್ಲ. ಬಾಲ್ಕನಿಗೆ ಬಂದು ಮೇಲೆ ನೋಡಿದ.

“ಒಂದು ಮಾತು ಕೇಳ್ಬಾರ್ದಾಗಿತ್ತಾ ಅಕ್ಕ,” ಅಂದ. ಹಗ್ಗವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಇಳಿದುಹೋದ.

ಸೋಮವಾರ, ಮಂಗಳವಾರ ನಾನು ಯಾರ್ಯಾರಿಗೆ ಫೋನು ಮಾಡಿದೆ ಅಂತ ನೆನಪಿಲ್ಲ. ಹಳೆಯ ಕೆಲಸದವರಿಗೆ ಮಾಡಿದೆ, ಆ ಮಂಡಿ ಒಡೆದ ಹುಡುಗನಿಗೂ ಮಾಡಿದೆ, ನಾಚಿಕೆ ಬಿಟ್ಟು. “ಈಗ್ಲೂ ಕುಂಟ್ತೀನಿ ಅಕ್ಕ,” ಅಂದ, ಮೆಲ್ಲಗೆ. ಕುರ್ಚಿಯನ್ನು ಖಾಲಿಯಾಗಿಯೇ ಇಳಿಸಿ ನೋಡಿದೆ. ತಿರುವಿನಲ್ಲಿ ಎರಡೂ ಗೋಡೆಗೆ ಸಿಕ್ಕಿಕೊಂಡು ನಿಂತಿತು. ಕೈಯಿಂದ ಬಿಡಿಸಲಾಗದೆ ಕಾಲಿನಿಂದ ಒದ್ದು ಬಿಡಿಸಿದೆ. ಅರಗಿನ ಕಂಬಿ, ಬಣ್ಣದ ಗಾಜು, ತೇಗದ ಕಂಬ ಎಲ್ಲದರ ಮೇಲೂ ಹೇಸಿಗೆ ಬಂತು. ನನ್ನ ಮೇಲೆ ಬಂದದ್ದಕ್ಕೆ ಹೆಸರಿಲ್ಲ.

ಬುಧವಾರ ಬೆಳಿಗ್ಗೆ ಕಾಫಿ ಕುಡಿಸುವಾಗ ಅವರೇ ಶುರುಮಾಡಿದರು. “ಕುಂತ್ಕೊಂಡೇ... ಇಳಿಯಾನ. ಒಂದೊಂದೇ.”

ಡಾಕ್ಟರು ಇನ್ನೊಂದು ಸಲ ಬಿದ್ದರೆ ಕಷ್ಟ ಅಂದಿದ್ದರು. ಹೇಳಿದೆ. ಅವರು ಒಪ್ಪಿಕೊಳ್ಳುವಂತೆ ತಲೆಯಾಡಿಸಿ, ಮತ್ತೆ ಬಾಗಿಲ ಕಡೆ ಕೈ ತೋರಿಸಿದರು. ಶಾಲೆಗೆ ರಜೆ ಹೇಳಿದೆ. ಮೊಬೈಲನ್ನು ಮೆಟ್ಟಿಲ ತಲೆಯಲ್ಲಿಟ್ಟೆ, ಏನಾದರೂ ಆದರೆ ಸಿಗಲಿ ಅಂತ. ಕಂಬಳಿ ಮಡಿಸಿ ಅವರ ಕೆಳಗೆ ಹಾಕಿ, ನಾನು ಅವರಿಗಿಂತ ಕೆಳಗಿನ ಮೆಟ್ಟಿಲ ಮೇಲೆ ಮೇಲ್ಮುಖವಾಗಿ ನಿಂತು, ಎರಡೂ ಕಾಲನ್ನು ಹಿಡಿದು ಒಂದು ಮೆಟ್ಟಿಲು ಇಳಿಸಿದೆ. ಎಡಗೈಯನ್ನು ಗೋಡೆಗೆ ಊರಿ ಅವರು ಮೈ ಜಾರಿಸಿದರು. ಒಂದಾಯಿತು. ಸುಧಾರಿಸಿಕೊಂಡೆವು. ಎರಡಾಯಿತು. ಅವರ ಕತ್ತಿನ ಬೆವರು ನನ್ನ ಕೈ ಮೇಲೆ ಬೀಳುತ್ತಿತ್ತು. ಎರಡು ವರ್ಷದಲ್ಲಿ ಅವರು ಕಂಡಿರದ ಗೋಡೆ ಅದು. ಅದರ ಮೇಲಿನ ಬಿರುಕನ್ನು ನೋಡುತ್ತ ಉಸಿರು ಬಿಡುತ್ತಿದ್ದರು.

ಮೂರನೆಯದಕ್ಕೆ ತಿರುವು. ಬಲಗಾಲು ಮೆಟ್ಟಿಲಿನ ಚೂಪು ಕಡೆಯಲ್ಲಿ ಸಿಕ್ಕಿಕೊಂಡಿತು. ಎಳೆದೆ, ಬರಲಿಲ್ಲ. ಅವರನ್ನು ಹಿಂದಕ್ಕೆ ಮೇಲೆ ತಳ್ಳಲು ನೋಡಿದೆ, ಅದೂ ಆಗಲಿಲ್ಲ. ಕೆಳಗಿಳಿಸುವಂತಿಲ್ಲ, ಮೇಲೆ ಹತ್ತಿಸುವಂತಿಲ್ಲ. ನಾನು ಕೈಬಿಟ್ಟರೆ ಅವರು ಹದಿನಾಲ್ಕು ಮೆಟ್ಟಿಲೂ ಉರುಳುತ್ತಾರೆ. ಯಾರನ್ನಾದರೂ ಕೂಗಿದರೂ ಕೆಳಗಿನಿಂದ ನನ್ನನ್ನು ದಾಟಿ ಬರುವ ಹಾಗಿಲ್ಲ. ಅವರ ಮಂಡಿಗೆ ಹಣೆಯೂರಿ ಹಾಗೇ ನಿಂತೆ. ಕೆಳಗೆ ಬೀದಿ ಬಾಗಿಲು ತೆರೆದಿತ್ತು. ಬಿಸಿಲಿನಲ್ಲಿ ಯಾರದೋ ಸೈಕಲ್ಲು, ಅದರಾಚೆ ಒಂದು ಗೇಣಿನಷ್ಟು ಮಣ್ಣು ಕಾಣುತ್ತಿತ್ತು. ಅವರು ನನ್ನ ತಲೆಯ ಮೇಲಿಂದ ಅದನ್ನೇ ನೋಡುತ್ತಿದ್ದರು.

ಮೊಬೈಲು ಹೊಡೆದುಕೊಂಡಿತು. ಅವರು ಎಡಗೈಯನ್ನು ಹಿಂದಕ್ಕೆ ಚಾಚಿ, ತಡಕಿ, ಅದನ್ನು ತೆಗೆದು ನನ್ನ ಕಿವಿಗೆ ಹಿಡಿದರು. ರಾಮನಗರದವರು. “ಶುಕ್ರವಾರ ಬರ್ತಾ ಇದೀವಿ ಮೇಡಂ. ಮನೆ ಖಾಲಿ ಮಾಡೋ ತಾರೀಖು ಒಂದು ಹೇಳಿಬಿಟ್ರೆ ಅಗ್ರಿಮೆಂಟಲ್ಲಿ ಬರೆಸಿಬಿಡ್ತೀನಿ. ಎಷ್ಟು ದಿನ ಬೇಕಾಗುತ್ತೆ ನಿಮಗೆ?”

 ಬಾಯಿ ತೆರೆದೆ, ಮುಚ್ಚಿದೆ. ಆ ಕಡೆಯಿಂದ ಹಲೋ ಹಲೋ ಅನ್ನುತ್ತಿದ್ದರು. ನನ್ನವರು ನಾನು ಹೇಳಲಿ ಅಂತ ಕಾದರು, ಡಾಕ್ಟರು ನನಗೆ ಹೇಳಿದ್ದ ಹಾಗೆ, ನಡುವೆ ಬಾಯಿ ಹಾಕದೆ. ಆಮೇಲೆ ಅವರೇ ಹೇಳಿದರು.

“ಮೂರು ಮೆಟ್ಲು... ಇಳಿದಿದೀವಿ ಅಂತ ಯೋಳು.”